ನಾನು ತೊಳೆದ ಗೋಡೆ

ಪ್ರೀತಿಯ ಮಿಸಾವೊ,

ಇಲ್ಲಿ ಪ್ಲಮ್ ಹೂವು ಉದುರಿ ಮುಗಿಯಿತು. ಕೋಬೆಯಲ್ಲಿ ಇನ್ನೂ ನಾಲ್ಕು ದಿನ ಇರಬಹುದು. ನನ್ನ ಮೊಣಕಾಲು ಹೋದ ವರ್ಷಕ್ಕಿಂತ ಕೆಟ್ಟಿಲ್ಲ. ಹವೆಯ ಮಾತನ್ನೂ ಮೈಯ ಮಾತನ್ನೂ ಈ ಸಲ ಇಷ್ಟಕ್ಕೇ ನಿಲ್ಲಿಸುತ್ತೇನೆ. ಎಂದಿನಂತೆ ಅದರಲ್ಲೇ ಎರಡು ಹಾಳೆ ತುಂಬಿಸಿದರೆ, ಹೇಳಬೇಕಾದದ್ದು ಕೊನೆಗೆ ಉಳಿದು, ಅಂಚೆಯ ಹೊತ್ತಾಯಿತೆಂದು ನಾನು ಲಕೋಟೆ ಅಂಟಿಸಿಬಿಡುತ್ತೇನೆ. ಹಾಗೆ ಅಂಟಿಸಿದ ಲಕೋಟೆಗಳು ನಿನ್ನ ಬೀರುವಿನಲ್ಲಿ ಎಷ್ಟಿವೆಯೋ.

ಏಪ್ರಿಲ್ ಹನ್ನೆರಡಕ್ಕೆ ನಿನ್ನ ಅಮ್ಮ, ನಮ್ಮ ಅತ್ತೆಯವರ ಮೂವತ್ತಮೂರನೇ ವರ್ಷದ ತಿಥಿ. ಬರುತ್ತೇನೆಂದು ನೀನು ಫೋನಿನಲ್ಲಿ ಹೇಳಿದ್ದೀಯ. ಇದು ಕೊನೆಯ ತಿಥಿ, ಇದಾದ ಮೇಲೆ ಅವರ ಹೆಸರಿನಲ್ಲಿ ಪ್ರತ್ಯೇಕವಾಗಿ ಏನೂ ಮಾಡುವುದಿರುವುದಿಲ್ಲ. ಅದಕ್ಕೆಂದು ಮನೆಯನ್ನು ಸ್ವಲ್ಪ ನೋಡುವಂತೆ ಮಾಡೋಣ ಅಂದುಕೊಂಡೆ. ಹೋದ ಸೆಪ್ಟೆಂಬರಿನ ಚಂಡಮಾರುತಕ್ಕೆ ಮುಂಗೋಣೆಯ ಸಮುದ್ರದ ಕಡೆಯ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಬೆರಳಲ್ಲಿ ತಟ್ಟಿದರೆ ಒಳಗೆ ಟೊಳ್ಳು ಸದ್ದು. ಗುರುಗಳು ಮಂತ್ರ ಹೇಳುವಾಗ ಅದು ಅವರ ಬೋಳು ತಲೆಯ ಮೇಲೆ ಕುಸಿದರೆ ಅತ್ತೆ ನಗುತ್ತಾರೆ, ಆದರೆ ಊರು ನಗಬಾರದಲ್ಲ. ಗಾರೆಯವರನ್ನು ಕರೆಸಲೇಬೇಕಾಯಿತು.

ಮೊದಲು ಕೊಚಿ ಪೇಟೆಯಿಂದ ಒಬ್ಬನನ್ನು ಕರೆಸಿದೆ. ಇಸ್ತ್ರಿ ಮಾಡಿದ ಸಮವಸ್ತ್ರ, ಕಾಲಿಗೆ ಬಿಳಿ ಕಾಲುಚೀಲ, ಉಗುರಿನಲ್ಲಿ ಒಂದಿಷ್ಟೂ ಸುಣ್ಣವಿಲ್ಲ. ಗೋಡೆಯನ್ನು ಎರಡು ಕಡೆ ಕುಟ್ಟಿ ನೋಡಿ ಹೇಳಿದ: "ಅಜ್ಜೀ, ಇದೆಲ್ಲ ಬರೀ ಮಣ್ಣು. ಮೇಲೆ ಹಲಗೆ ಹೊಡೆದು ಕಾಗದ ಅಂಟಿಸಿಬಿಡೋಣ. ಎರಡೇ ದಿನದ ಕೆಲಸ. ಥೇಟ್ ಗೋಡೆ ಥರಾನೇ ಕಾಣುತ್ತೆ."

"ಗೋಡೆ ಥರ ಕಾಣೋಕೆ ಗೋಡೇನೇ ಇದೆಯಲ್ಲಪ್ಪಾ," ಅಂದೆ.

ಪಾಪ, ಒಳ್ಳೆಯ ಹುಡುಗ. ನಕ್ಕು, ಚಹಾ ಕುಡಿದು, ಬಣ್ಣಬಣ್ಣದ ಮಾದರಿ ಪುಸ್ತಕ ಬಿಟ್ಟು ಹೋದ. ಎದುರು ಮನೆಯ ಮೀನಂಗಡಿಯವಳು ಅವನ ವ್ಯಾನು ಹೋಗುವುದನ್ನೇ ಕಾಯುತ್ತಿದ್ದಳು. ಕೈಯಲ್ಲಿ ಮೀನಿನ ಚಾಕು ಹಿಡಿದುಕೊಂಡೇ ರಸ್ತೆ ದಾಟಿ ಬಂದಳು.

"ಕಣ್ಣೆದುರಿಗೆ ಹಾರುನೊ ಇರೋವಾಗ ಪೇಟೆಯವನನ್ನ ಯಾಕೆ ಕರೆಸ್ತೀಯೇ? ಇಡೀ ಕರಾವಳೀಲಿ ಗಾರೆ ಕೆಲಸಕ್ಕೆ ಆ ಹೆಂಗಸಿನಂಥ ಕೈ ಇಲ್ಲ. ಇವಾವೊ ಮಗಳು ಅಂತ ಹಿಂಜರೀತೀಯಾ? ಅದೆಲ್ಲ ಯಾವ ಕಾಲದ್ದು! ಯಾರಿಗೆ ನೆನಪಿದೆ ಈಗ?"

ಯಾರಿಗೂ ನೆನಪಿಲ್ಲದಿರಬಹುದು. ನನಗಿತ್ತು. ಆ ಹೆಸರು ಬರೆದು ಬಹಳ ಹೊತ್ತು ಪೆನ್ನು ಹಿಡಿದುಕೊಂಡು ಕೂತಿದ್ದೆ, ಮಿಸಾವೊ. ನೀನು ಓದುವುದನ್ನು ಇಲ್ಲಿ ನಿಲ್ಲಿಸಬೇಡ. ಇವಾವೊನ ವಿಷಯ ನಿನ್ನ ಹತ್ತಿರ ಎತ್ತಬಾರದು ಅಂತ ನೀನೇ ಹೇಳಿದ್ದೆ. ಐವತ್ತಮೂರು ವರ್ಷ ಆ ಮಾತನ್ನು ಉಳಿಸಿಕೊಂಡೆ. ನಿನ್ನ ಮೇಲಿನ ಗೌರವಕ್ಕೆ ಉಳಿಸಿಕೊಂಡೆ ಎಂದು ನೀನು ಅಂದುಕೊಂಡಿರುತ್ತೀಯ. ಅದು ಹಾಗಲ್ಲ. ಆ ಮಾತು ನನಗೆ ಅನುಕೂಲವಾಗಿತ್ತು.

ನಾನು ಈ ಮನೆಗೆ ಬಂದ ವರ್ಷ ನಿನಗೆ ನೆನಪಿದೆ. ಓಸಾಕಾದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದ ವರ್ಷ. ದೇಶದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಓಸಾಕಾಗೆ ಬರುತ್ತಿದ್ದರೆ ನಾನೊಬ್ಬಳು ಓಸಾಕಾ ಬಿಟ್ಟು ದೋಣಿ ಹತ್ತಿದ್ದೆ. ನಮ್ಮಪ್ಪನದು ಬೀದಿಯವರೆಲ್ಲ ಬಂದು ಮೀಯುವ ಸ್ನಾನದ ಮನೆ. ನಿಮ್ಮಣ್ಣ ಪಕ್ಕದ ಮರದ ಮಂಡಿಯಲ್ಲಿ ಕೆಲಸಕ್ಕಿದ್ದಾಗ ದಿನಾ ಅಲ್ಲಿಗೆ ಬಂದು, ಮೈಯ ಕೊಳೆಗಿಂತ ಹೆಚ್ಚು ಹೊತ್ತು ನಾನಿದ್ದ ಗಲ್ಲಾದ ಮುಂದೆ ನಿಲ್ಲುತ್ತಿದ್ದರು. ಆ ಕಥೆ ಹೇಳಿ ನೀನು ಅವರನ್ನು ಅವರು ಹೋಗುವವರೆಗೂ ಕಾಡಿದ್ದೀಯ. ಆ ಸ್ನಾನದ ಮನೆಯಲ್ಲಿ ನೆಲದಿಂದ ಸೂರಿನವರೆಗೆ ಬಿಳಿ ಟೈಲ್ಸು. ಮಧ್ಯಾಹ್ನ ಬಾಗಿಲು ತೆಗೆಯುವ ಮುಂಚೆ ಅದನ್ನು ಉಜ್ಜುವುದು ನನ್ನ ಕೆಲಸ. ಒಂದು ಬಕೆಟ್ ನೀರು, ಒಂದು ಲೋಟ ವಿನೆಗರ್, ನಾರಿನ ಬ್ರಷ್ಷು. ಎಂಟನೇ ವಯಸ್ಸಿನಿಂದ ಇಪ್ಪತ್ತೆರಡರವರೆಗೆ ಗೋಡೆ ಅಂದರೆ ನನಗೆ ಗೊತ್ತಿದ್ದದ್ದು ಇಷ್ಟೇ. ಬಿಳಿ ಇರಬೇಕು. ಇಲ್ಲದಿದ್ದರೆ ಉಜ್ಜಬೇಕು.

ಮದುವೆಯ ದಿನ ಈ ಮುಂಗೋಣೆಗೆ ಕಾಲಿಟ್ಟಾಗ ಕಂಡದ್ದು ಹಳದಿ ಗೋಡೆ. ಹೊಗೆ ಹಿಡಿದ ಹಳದಿ ಅಂದುಕೊಂಡೆ. ನಿಮ್ಮಪ್ಪ ಬಾಯಿಂದ ಸಿಗರೇಟು ತೆಗೆಯುತ್ತಿರಲಿಲ್ಲವಲ್ಲ, ಅದರ ಹೊಗೆಯೇ ಇರಬೇಕು ಅಂದುಕೊಂಡೆ. ಹೊಸ ಸೊಸೆ ಬರುತ್ತಾಳೆಂದು ಒಂದು ಕೈ ಸುಣ್ಣ ಬಳಿಸುವಷ್ಟೂ ಇವರಿಗೆ ಮನಸ್ಸಾಗಲಿಲ್ಲವೇ ಎಂದು ಕಣ್ಣಲ್ಲಿ ನೀರು ಬಂತು. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಹೊಸ ಸೊಸೆ ಗೋಡೆಯ ಬಣ್ಣ ಕೇಳುವುದುಂಟೇ? ನೀವೂ ಯಾರೂ ಹೇಳಲಿಲ್ಲ. ಇಲ್ಲಿ ಹುಟ್ಟಿದವರಿಗೆ ಅದು ಹೇಳುವ ಸಂಗತಿಯೇ ಅಲ್ಲ. ನಮ್ಮ ತೊಸಾ ಸೀಮೆಯ ಗಾರೆ ಕೊಳೆಸಿದ ಹುಲ್ಲು ಬೆರೆಸಿದ ಸುಣ್ಣ. ಬಳಿದಾಗ ಜೇನಿನ ಬಣ್ಣ. ಬಿಸಿಲು ಬೆಳಕು ಆ ಬಣ್ಣವನ್ನು ಕುಡಿದು ಕುಡಿದು, ವರುಷ ಎರಡು ವರುಷಕ್ಕೆ ತಾನೇ ಬಿಳಿಯಾಗುತ್ತದೆ. ಆ ಹಳದಿ ಹೊಸತನದ ಗುರುತು. ಕೋಬೆಯಲ್ಲಿ ಐದು ದಶಕ ಇದ್ದರೂ ನಿನಗೆ ಇದು ಮರೆತಿರಲಾರದು. ನನಗೆ ಗೊತ್ತಾದದ್ದು ಮದುವೆಯಾಗಿ ಒಂಬತ್ತು ದಿನದ ಮೇಲೆ.

ಆ ಗೋಡೆಯನ್ನು ಬಳಿದವನು ಇವಾವೊ. ಆಗ ಅವನಿಗೆ ಇಪ್ಪತ್ತನಾಲ್ಕು. ಬೇಸಿಗೆ ಕಳೆದು ಶರತ್ಕಾಲಕ್ಕೆ ನಿನ್ನ ಅವನ ನಿಶ್ಚಿತಾರ್ಥ ಅಂತ ಎರಡು ಮನೆಯವರೂ ಮಾತಾಡಿಕೊಂಡಿದ್ದರು. ಭಾವಮೈದುನನ ಮದುವೆಗೆ ತನ್ನ ಕೈಯ ಉಡುಗೊರೆ ಎಂದು ಅವನು ಮುಂಗೋಣೆಯ ನಾಲ್ಕೂ ಗೋಡೆಗೆ ಮೇಲ್ಪದರ ಹಾಕಿ, ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತಂದಿದ್ದನಂತೆ. ಇದನ್ನು ನಾನು ತಿಳಿದುಕೊಂಡದ್ದೂ ಆಮೇಲೆಯೇ. ಮದುವೆಯ ಊಟದಲ್ಲಿ ಅವನು ನನಗೆ ಮದ್ಯ ಬಗ್ಗಿಸಲು ಬಂದು, "ಅತ್ತಿಗೆ, ಮುಂಗಡವಾಗೇ ಹಾಗೆ ಕರೀತಿದೀನಿ, ಅಡ್ಡಿ ಇಲ್ಲ ತಾನೇ?" ಅಂದದ್ದು, ನೀನು ಅತ್ತ ತಿರುಗಿ ನಕ್ಕದ್ದು ನನಗೆ ಈ ಹೊತ್ತಿಗೂ ಕಣ್ಣಿಗೆ ಕಟ್ಟಿದೆ. ನಿನ್ನ ಕುತ್ತಿಗೆಯವರೆಗೂ ಕೆಂಪಾಗಿತ್ತು.

ನಾಲ್ಕನೇ ದಿನ ನೀವೆಲ್ಲ ಗುಡ್ಡದ ಮೇಲಿನ ಗುಡಿಗೆ ಹೋದಿರಿ. ನನಗೆ ತಲೆನೋವೆಂದು ಮನೆಯಲ್ಲೇ ಉಳಿದೆ. ತಲೆನೋವೇನೂ ಇರಲಿಲ್ಲ. ನೀವು ತಿರುಗಿ ಬರುವಷ್ಟರಲ್ಲಿ ಗೋಡೆಯನ್ನು ಬೆಳ್ಳಗೆ ಮಾಡಿ, ಓಸಾಕಾದ ಸೊಸೆ ಎಷ್ಟು ಚೊಕ್ಕ ಅನ್ನಿಸಿಕೊಳ್ಳಬೇಕು ಅಂತ ಆಸೆ. ಅಡುಗೆಮನೆಯಲ್ಲಿ ವಿನೆಗರ್ ಇತ್ತು. ಪಾತ್ರೆ ಉಜ್ಜುವ ಬ್ರಷ್ಷಿತ್ತು. ಮಂಡಿಯೂರಿ ಕೂತು, ಸಮುದ್ರದ ಕಡೆಯ ಗೋಡೆಯನ್ನು ನೆಲದಿಂದ ಕೈ ಎಟಕುವವರೆಗೆ, ಎರಡು ತೋಳಿನಗಲ ಉಜ್ಜಿದೆ. ಬಕೆಟ್ಟಿನ ನೀರು ಹಾಲಿನ ಹಾಗಾಯಿತು. ಎಷ್ಟೊಂದು ಕೊಳೆ ಅಂದುಕೊಂಡೆ! ಒದ್ದೆಯಾಗಿದ್ದಾಗ ಗೋಡೆ ಒಂದೇ ಸಮ ಕಾಣುತ್ತಿತ್ತು. ನೀರು ಚೆಲ್ಲಿ, ಬ್ರಷ್ಷು ತೊಳೆದಿಟ್ಟು, ಅತ್ತೆ ಬಂದು ಯಾವಾಗ ನೋಡುತ್ತಾರೋ ಎಂದು ಕಾದೆ. ಯಾರೂ ನೋಡಲಿಲ್ಲ. ಬೇಸರವಾಯಿತು.

ಒಂಬತ್ತನೇ ದಿನ ನಮ್ಮಪ್ಪ ಅಮ್ಮ, ಓಸಾಕಾದ ಚಿಕ್ಕಪ್ಪಂದಿರು, ಇಲ್ಲಿನ ನೆಂಟರು ಎಲ್ಲ ಆ ಕೋಣೆಯಲ್ಲಿ ಊಟಕ್ಕೆ ಕೂತಿದ್ದರು. ಅಷ್ಟರಲ್ಲಿ ಗೋಡೆ ಒಣಗಿತ್ತು. ಮೋಡದ ಹಾಗೆ ಬಿಳಿ ಕಲೆ, ಮಧ್ಯೆ ಮಧ್ಯೆ ಕಂದು ಕಲೆ. ಒರಗಿ ಕೂತ ನಮ್ಮ ಚಿಕ್ಕಪ್ಪ ಏಳುವಾಗ ಕಪ್ಪು ಕೋಟಿನ ಬೆನ್ನೆಲ್ಲ ಪುಡಿ. ಎಲ್ಲರೂ ನಕ್ಕರು. ನಿಮ್ಮಪ್ಪನ ಮುಖ ಮಾತ್ರ ಕಪ್ಪಿಟ್ಟಿತು. ಮೂಲೆಯಲ್ಲಿ ಕೂತಿದ್ದ ಇವಾವೊನನ್ನು ಹೆಸರು ಹಿಡಿದು ಕರೆದರು.

"ಏನಯ್ಯಾ ಇದು? ನನ್ನ ಮಗನ ಮದುವೆಗೆ ತೊನ್ನು ಹತ್ತಿದ ಗೋಡೆ ಕೊಟ್ಟಿದೀಯಲ್ಲ!"

ಇವಾವೊ ಎದ್ದು ಬಂದು ಮಂಡಿಯೂರಿ ಕೂತ. ಅಂಗೈ ಚಾಚಿ ಗೋಡೆಯ ಮೇಲೆ ನಿಧಾನ ಆಡಿಸಿದ. ಬಹಳ ಹೊತ್ತು. ನಾನು ಚಹಾದ ತಟ್ಟೆ ಹಿಡಿದುಕೊಂಡು ಅವನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ನೀನು ಬಾಗಿಲ ಹತ್ತಿರ ಇದ್ದೆ. ಅವನು ಒಂದು ಸಲ ನಿನ್ನ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿ ಹೇಳಿದ: "ಗೊತ್ತಾಗ್ತಾ ಇಲ್ಲ. ನನ್ನ ಸುಣ್ಣದ್ದೇ ತಪ್ಪಿರಬೇಕು."

"ಇರಬೇಕು ಅಂದ್ರೇನು? ನಿಂದಲ್ಲದೆ ನಂದಾ?"

"ನಂದೇ," ಅಂದ.

ಆ ಕ್ಷಣ ನನಗೆ ಎಲ್ಲ ಅರ್ಥವಾಯಿತು, ಮಿಸಾವೊ. ಪಕ್ಕದಲ್ಲಿದ್ದ ನೆಂಟರ ಹೆಂಗಸೊಬ್ಬರು, "ಹೊಸ ಗಾರೆ, ಹಳದಿ ಇನ್ನೂ ಇಳಿದೇ ಇಲ್ಲ, ಆಗಲೇ ಹೀಗೆ" ಅಂತ ಗೊಣಗಿದರು. ಹೊಸ ಗಾರೆ. ಹಳದಿ ಇಳಿಯುತ್ತದೆ. ನಾನೇ ತೊಳೆದೆ ಎಂಬ ಎರಡು ಪದ ನಾಲಿಗೆಯ ತುದಿಗೆ ಬಂದಿದ್ದವು. ಎದುರಿಗೆ ನಮ್ಮಪ್ಪ ಕೂತಿದ್ದ, ಹೆಗಲು ಕುಗ್ಗಿಸಿಕೊಂಡು, ಬೀಗರ ಮನೆಯಲ್ಲಿ ಮಗಳಿಗೆ ಏನೂ ಕಡಿಮೆಯಾಗದಿರಲಿ ಎಂಬ ಮುಖ ಮಾಡಿಕೊಂಡು. ಒಂಬತ್ತು ದಿನದ ಸೊಸೆ. ವಾಪಸು ಕಳಿಸಿಬಿಡುತ್ತಾರೆ ಅಂತ ಹೆದರಿದೆ. ತಟ್ಟೆ ಇಳಿಸಿ, ಚಹಾ ಬಗ್ಗಿಸಿದೆ. ಇವಾವೊನ ಬಟ್ಟಲಿಗೂ ಬಗ್ಗಿಸಿದೆ. ಅವನು "ಥ್ಯಾಂಕ್ಸ್ ಅತ್ತಿಗೆ" ಅಂದ.

ಮರುದಿನ ಅತ್ತೆ ನನ್ನ ಬಟ್ಟೆಯ ಬೀರುವನ್ನು ತಂದು ಆ ಗೋಡೆಗೆ ಒತ್ತಿ ನಿಲ್ಲಿಸಿದರು. "ಸೊಸೆ ಬೀರು ಮುಂಗೋಣೇಲೇ ಇರಲಿ" ಅಂದರು. ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಕೇಳುವ ಧೈರ್ಯ ಅವರ ಕೊನೆಯ ದಿನದವರೆಗೂ ಬರಲಿಲ್ಲ.

ಮುಂದಿನದು ನಿನಗೆ ಗೊತ್ತಿರುವ ಹಾಗೆ. ತಪ್ಪು ಎಲ್ಲಾಯಿತೆಂದು ಗೊತ್ತಾಗುವವರೆಗೆ ನಿಮ್ಮ ಬಾಗಿಲಿಗೆ ಬರುವುದಿಲ್ಲ ಎಂದು ಇವಾವೊ ಹೇಳಿ ಕಳಿಸಿದ. ಬರುವುದೇ ಬೇಡವೆಂದು ನಿಮ್ಮಪ್ಪ ಹೇಳಿ ಕಳಿಸಿದರು. ಶರತ್ಕಾಲ ಬಂತು, ನಿಶ್ಚಿತಾರ್ಥ ಬರಲಿಲ್ಲ. ಮರು ವಸಂತಕ್ಕೆ ನೀನು ಹೊಲಿಗೆ ಶಾಲೆಗೆಂದು ಕೋಬೆಗೆ ಹೊರಟೆ. ಬಸ್ಸಿನ ಹತ್ತಿರ ನಿನ್ನ ಪೆಟ್ಟಿಗೆ ಹಿಡಿದುಕೊಂಡು ಬಂದವಳು ನಾನೇ. "ಅತ್ತಿಗೆ, ಒಂದು ಗೋಡೆಗೆ ಹೆದರಿ ಓಡಿಹೋದವನ ಸುದ್ದಿ ಇನ್ಮೇಲೆ ನನ್ನ ಹತ್ರ ಎತ್ತಬೇಡಿ" ಅಂತ ನೀನು ಅಂದೆ. ಆಗಲಿ ಅಂತ ನಾನು ಒಪ್ಪಿದೆ. ಬಸ್ಸು ಹೋಯಿತು. ಆಮೇಲೆ ನಿನಗೆ ಹಡಗಿನ ಅಡುಗೆಯವರೊಂದಿಗೆ ಮದುವೆಯಾಯಿತು, ಅವರು ಒಳ್ಳೆಯವರಾಗಿದ್ದರು, ನಿನ್ನದೇ ಹೊಲಿಗೆ ಅಂಗಡಿಯಾಯಿತು, ಮಗಳು ಹುಟ್ಟಿದಳು. ಪ್ರತಿ ಒಳ್ಳೆಯ ಸುದ್ದಿಗೂ ನಾನು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ: ನೋಡು, ಏನೂ ಕೆಟ್ಟದ್ದಾಗಲಿಲ್ಲ. ಪ್ರತಿ ವರ್ಷಾಂತ್ಯದ ಸ್ವಚ್ಛತೆಯಲ್ಲಿ ಬೀರುವಿನ ಹಿಂದೆ ಮಾತ್ರ ನಾನೇ ಕೈ ಹಾಕಿ ಗುಡಿಸುತ್ತಿದ್ದೆ. ಇನ್ನೊಬ್ಬರನ್ನು ಬಿಡುತ್ತಿರಲಿಲ್ಲ.

ಹೀಗಿರುವಾಗ ಹೋದ ತಿಂಗಳು ಹಾರುನೊ ಬಂದಳು. ನಲವತ್ತೆರಡು ವಯಸ್ಸು. ಅಪ್ಪನ ಹುಬ್ಬು, ಅಪ್ಪನ ಗಿಡ್ಡ ಬೆರಳು. ಬಂದವಳೇ ಗೋಡೆಗಿಂತ ಮುಂಚೆ ಬೀರು ನೋಡಿದಳು. "ದೊಡ್ಡಮ್ಮಾ, ಇದನ್ನ ಎಳೀಬೇಕು." ನಾಳೆ ಎಳೆಸಿಡುತ್ತೇನೆ ಅಂದೆ. "ನಾಳೆ ಯಾಕೆ, ನಾನೇ ಇದೀನಲ್ಲ," ಅನ್ನುತ್ತ ಕೆಳಗೆ ಹಳೆಯ ಕಂಬಳಿ ತೂರಿಸಿ, ಹೆಗಲು ಕೊಟ್ಟು ಒಂದೇ ಉಸಿರಿಗೆ ಸರಿಸಿಬಿಟ್ಟಳು. ನಾನು ಚಹಾ ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಹತ್ತು ಗಂಟೆ ಆಗಿತ್ತು. ಹತ್ತಕ್ಕೂ ಮೂರಕ್ಕೂ ಕೆಲಸದವರಿಗೆ ಚಹಾ ಕೊಡುವುದನ್ನು ಅತ್ತೆ ನನಗೆ ಕಲಿಸಿದ್ದರು. ಸಿಹಿಗೆಣಸಿನ ಕಡ್ಡಿಯ ಪೊಟ್ಟಣ ಒಡೆದು, ಬೇಕೆಂದೇ ನಿಧಾನವಾಗಿ ತಟ್ಟೆಯಲ್ಲಿ ಜೋಡಿಸಿದೆ. ತಿರುಗಿ ಬಂದಾಗ ಅವಳು ನೆಲದ ಮೇಲೆ ಕೂತು, ಟಾರ್ಚನ್ನು ಗೋಡೆಗೆ ಅಡ್ಡವಾಗಿ ಹಿಡಿದು ನೋಡುತ್ತಿದ್ದಳು.

"ದೊಡ್ಡಮ್ಮಾ, ಯಾರು ಈ ಗೋಡೆ ತೊಳೆದದ್ದು?"

ಅವಳು ಟಾರ್ಚನ್ನು ಇನ್ನಷ್ಟು ಓರೆ ಮಾಡಿದಳು.

"ಇಲ್ನೋಡಿ. ಸುತ್ತ ಎಲ್ಲ ಬೆಳ್ಳಗೆ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಇಲ್ಲಿ ಮಾತ್ರ ಸವೆದಿದೆ. ಸವೆದಿದ್ದರಲ್ಲಿ ಗೆರೆ ನೋಡಿ, ಅರ್ಧ ಚಂದ್ರ, ಅರ್ಧ ಚಂದ್ರ. ಬ್ರಷ್ಷು. ಹೊಸದರಲ್ಲಿ ಬರೀ ಕಲೆ ಕಂಡಿರುತ್ತೆ. ವರ್ಷಗಟ್ಟಲೆ ಪುಡಿ ಉದುರಿದ ಮೇಲೆ ಗೆರೆ ಎದ್ದಿದೆ. ಎಡಗೈಯವರು, ಕೂತ್ಕೊಂಡು ಉಜ್ಜಿದಾರೆ."

ನಾನು ಎಡಗೈಯಲ್ಲಿ ತಟ್ಟೆ ಹಿಡಿದು ನಿಂತಿದ್ದೆ. "ನಾನೇ ಕಣಮ್ಮ," ಅಂದೆ. ಅಷ್ಟೇ. ಐವತ್ತನಾಲ್ಕು ವರ್ಷ ಹೊರಬರದ ಮಾತು, ಗಂಟಲು ಕೂಡ ಕೆರೆಯದೆ ಬಂತು.

ಹಾರುನೊ ಟಾರ್ಚು ಆರಿಸಿದಳು. ಚಹಾ ಮುಟ್ಟಲಿಲ್ಲ. "ಆ ವರ್ಷ ನಮ್ಮಪ್ಪ ಏನು ಮಾಡಿದ್ರು ಗೊತ್ತಾ ನಿಮಗೆ?" ಅಂದಳು. ಅವಳು ಹೇಳಿದ್ದನ್ನು ಹೇಳುತ್ತೇನೆ. ಇವಾವೊ ತನ್ನ ಗುಂಡಿಯಲ್ಲಿ ಹಣ್ಣಾಗುತ್ತಿದ್ದ ಸುಣ್ಣವನ್ನೆಲ್ಲ, ಅಜ್ಜನ ಕಾಲದಿಂದ ತಳದಲ್ಲಿ ಉಳಿಸಿಕೊಂಡು ಬಂದಿದ್ದ ಹೆಪ್ಪೂ ಸೇರಿ, ಗಾಡಿಯಲ್ಲಿ ತುಂಬಿ ಹೊಳೆಯ ಬಾಯಿಗೆ ಸುರಿದನಂತೆ. ಆರು ಗಾಡಿ. ಗುಂಡಿಯನ್ನು ಕಲ್ಲು ಕಾಣುವವರೆಗೆ ತೊಳೆದನಂತೆ. ಆಮೇಲೆ ಉಗ್ರಾಣದ ಹೊರಗೋಡೆ, ಕಡಲ ಕಡೆಯ ಬೇಲಿಗೋಡೆ ಎಲ್ಲ ಮಾಡಿದ. ಒಬ್ಬರ ಮನೆಯ ಮುಂಗೋಣೆಗೆ ಮಾತ್ರ ಮತ್ತೆ ಕರಣೆ ಹಿಡಿದು ಹೋಗಲಿಲ್ಲ. ಯಾರು ಕರೆದರೂ, "ಒಳಗಿನ ಗೋಡೆ ನನಗೆ ಬರೋದಿಲ್ಲ" ಅನ್ನುತ್ತಿದ್ದ. ಹಾರುನೊ ಆ ಕೆಲಸ ಕಲಿಯಲು ಬೇರೆ ಊರಿನ ಮೇಸ್ತ್ರಿಯ ಹತ್ತಿರ ಏಳು ವರ್ಷ ಇರಬೇಕಾಯಿತು. "ಬರೋದಿಲ್ಲ ಅಂತಲೇ ನಾನೂ ನಂಬಿದ್ದೆ ದೊಡ್ಡಮ್ಮಾ," ಅಂದಳು.

ನಾನು ಮಾಡಿದ್ದು ನಿನ್ನೊಬ್ಬಳಿಗೆ ಅಂತ ಅಂದುಕೊಂಡಿದ್ದೆ. ನಿನಗೆ ಒಳ್ಳೆಯದಾಯಿತೆಂದು ಸಮಾಧಾನ ಮಾಡಿಕೊಂಡಿದ್ದೆ. ಆ ಇನ್ನೊಬ್ಬನ ಕೈಯ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಮಾರನೆಯ ಬೆಳಿಗ್ಗೆ ಪುಟ್ಟ ಲಾರಿಯೊಂದು ಬಂದು ನಿಂತಿತು. ಓಡಿಸುತ್ತಿದ್ದವಳು ಇವಾವೊನ ಹೆಂಡತಿ ಮಸುಎ. ಪಕ್ಕದಲ್ಲಿ ಅವನು. ಎಪ್ಪತ್ತೆಂಟು. ಬೆನ್ನು ಬಾಗಿಲ್ಲ, ಕಿವಿ ಸ್ವಲ್ಪ ಮಂದ. ನಾನು ನೆಲಕ್ಕೆ ಹಣೆ ಹಚ್ಚಿ ಕೂತೆ. ಅವನು ನನ್ನನ್ನು ದಾಟಿಕೊಂಡು ಒಳಗೆ ಹೋಗಿಬಿಟ್ಟ. ಮಸುಎ ನನ್ನ ತೋಳು ಹಿಡಿದೆತ್ತಿದಳು. "ಏಳಿ ಏಳಿ, ಅವರಿಗೆ ಈಗ ಮನುಷ್ಯರು ಕಾಣೋಲ್ಲ. ರಾತ್ರಿಯಿಂದ ಗೋಡೆ ಗೋಡೆ ಅಂತಿದಾರೆ."

ಅವನು ಮಂಡಿಯೂರಿ, ಆವತ್ತಿನ ಹಾಗೇ, ಅಂಗೈ ಆಡಿಸಿದ. ಉಗುರಲ್ಲಿ ಒಂದಿಷ್ಟು ಕೆರೆದು ನಾಲಿಗೆಗೆ ಹಚ್ಚಿಕೊಂಡ.

"ಬಳಿದ ಎಷ್ಟನೇ ದಿನ ತೊಳೆದೆ?"

"ಮದುವೆಯ ನಾಲ್ಕನೇ ದಿನ."

"ಅಂದ್ರೆ ಇನ್ನೂ ಹದಿನೈದು ದಿನದ ಗಾರೆ. ಹಸಿಗೂಸು. ಯಾತರಲ್ಲಿ?"

"ವಿನೆಗರ್ ನೀರಲ್ಲಿ."

"ವಿನೆಗರ್?"

"ಸ್ನಾನದ ಮನೇಲಿ ಟೈಲ್ಸು..." ಅಂದೆ.

"ವಿನೆಗರ್ ಕಣೇ!" ಅಂತ ಹೆಂಡತಿಗೆ ಕೂಗಿ ಹೇಳಿದ. ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ನನ್ನ ಕಡೆ ತಿರುಗಿ ಬೈದ. ಅವನು ಬೈದದ್ದನ್ನೆಲ್ಲ ಬರೆಯುವುದಿಲ್ಲ. ನಮ್ಮ ಕಡೆಯ ಗಂಡಸರು ಕುಡಿಯದೆ ಹಾಗೆ ಬೈಯುವುದನ್ನು ನಾನು ಕೇಳಿರಲಿಲ್ಲ. "ಒಂದು ಮಾತು! ಆವತ್ತಲ್ಲದಿದ್ರೆ ಮಾರನೇ ದಿನ, ಮಾರನೇ ವರ್ಷ! ನನ್ನ ಬಾಗಿಲು ನಿನ್ನ ಬಾಗಿಲಿಗೆ ಎಷ್ಟು ದೂರ? ಮುನ್ನೂರು ಹೆಜ್ಜೆ! ಪ್ರತಿ ಹೊಸ ವರ್ಷಕ್ಕೆ ಗುಡಿ ಮುಂದೆ ಸಿಕ್ಕಿ ತಲೆ ಬಾಗಿಸ್ತಿದ್ದೆಯಲ್ಲ, ಆ ತಲೇಲಿ ಇದು ಇತ್ತಾ?" ಇತ್ತು ಅಂದೆ.

ಕೊನೆಗೆ ದಣಿದು ಕೂತ. ಮಸುಎ ಅವನ ಕೈಗೆ ಚಹಾ ಕೊಟ್ಟಳು. ಆಗ ನಾನು, ಮನಸ್ಸಿನಲ್ಲಿ ಇಷ್ಟು ವರ್ಷ ಕೊರೆಯುತ್ತಿದ್ದ ಒಂದನ್ನು ಕೇಳಿದೆ. ನಿಮಗೆ ಕಾರಣ ಗೊತ್ತಿರಲಿಲ್ಲ. ನೋಡಲು ಎರಡು ದಿನ ಕೊಡಿ ಅನ್ನಬಹುದಿತ್ತು. ಕೇಳಿದ ಕೂಡಲೇ ಸುಣ್ಣದ್ದೇ ತಪ್ಪು, ನಂದೇ ಅಂತ ಯಾಕೆ ಒಪ್ಪಿಕೊಂಡಿರಿ?

ಅವನು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದ.

"ನಮ್ಮ ಗಾರೇಲಿ ಇರೋದೇ ಎರಡು. ಸುಣ್ಣ, ಹುಲ್ಲು. ಸುಣ್ಣ ಅಲ್ಲ ಅಂದ್ರೆ ಹುಲ್ಲು. ಆ ವರ್ಷ ಹುಲ್ಲು ಕತ್ತರಿಸಿ ಕೊಳೆ ಹಾಕಿದ್ದು ಯಾರು?"

ನೀನು, ಮಿಸಾವೊ. ಅದರ ಹಿಂದಿನ ಬೇಸಿಗೆ ಪೂರ್ತಿ ನೀನು ಅವರ ಅಂಗಳದಲ್ಲಿ ಕೂತು ಹುಲ್ಲು ಕತ್ತರಿಸಿದ್ದು, ನೀರು ಹಾಕಿ ತಿರುವಿದ್ದು, ಮೈಯೆಲ್ಲ ಆ ಹುಳಿ ವಾಸನೆ ಹೊತ್ತು ಬಂದು ಅತ್ತೆಯ ಹತ್ತಿರ ಬೈಸಿಕೊಂಡಿದ್ದು ನಿಮ್ಮಣ್ಣ ನನಗೆ ಹೇಳಿದ್ದಾರೆ. ಮದುವೆಗೆ ಮುಂಚೆಯೇ ಗಂಡನ ಮನೆಯ ಕೆಲಸ ಹಿಡಿದಳು ಅಂತ ಊರೆಲ್ಲ ರೇಗಿಸುತ್ತಿತ್ತಂತೆ. ಆವತ್ತು ಆ ಕೋಣೆಯಲ್ಲಿ ಅವನು ಎರಡು ದಿನ ಕೇಳಿದ್ದರೆ, ಸುಣ್ಣ ಚೆನ್ನಾಗಿದೆ ಅಂದಿದ್ದರೆ, ಅಲ್ಲಿದ್ದ ಅಷ್ಟೂ ಬಾಯಿ ನಿನ್ನ ಕಡೆ ತಿರುಗುತ್ತಿದ್ದವು. ಅವನು ತಲೆ ತಗ್ಗಿಸುವ ಮುಂಚೆ ಒಂದು ಸಲ ನಿನ್ನ ಕಡೆ ನೋಡಿದ ಅಂತ ಮೇಲೆ ಬರೆದೆನಲ್ಲ. ಆ ನೋಟ ನನಗೆ ಅರ್ಥವಾದದ್ದು ಹೋದ ತಿಂಗಳು.

ಅಷ್ಟೇ ಆಗಿದ್ದರೆ ಕಥೆ ಚೆಂದವಾಗಿರುತ್ತಿತ್ತು. ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ಬಟ್ಟಲನ್ನು ಕೆಳಗಿಟ್ಟು ಹೇಳಿದ: "ಆಮೇಲೆ ಗುಂಡಿ ಬರಿದು ಮಾಡಿ, ಹೊಸ ಸುಣ್ಣ ಹಾಕಿ, ಹತ್ತು ಸಲ ಮಾಡಿ ನೋಡಿದೆ. ಸುಣ್ಣದಲ್ಲಿ ತಪ್ಪು ಸಿಗಲಿಲ್ಲ. ಆಗ ನನಗೇ ಅನುಮಾನ ಬಂತು. ಅವಳ ಹುಲ್ಲೇ ಇರಬೇಕು, ಸರಿಯಾಗಿ ಕೊಳೆಸಲಿಲ್ಲ ಅಂತ. ಹಾಗಂತ ಅವಳ ಮುಂದೆ ಹೋಗಿ ಹೇಳೋದಾ? ಹೇಳದೆ ಅವಳನ್ನ ಮನೆ ತುಂಬಿಸ್ಕೊಳ್ಳೋದಾ? ದಿನಾ ಅವಳ ಮುಖ ನೋಡಿದಾಗ ಅದೇ ನೆನಪಾಗಿದ್ರೆ? ಅದಕ್ಕೇ ಹೋಗಲಿಲ್ಲ." ಗೋಡೆಯ ಕಡೆ ತಿರುಗಿ ಅಂದ, "ಐವತ್ತು ವರ್ಷ ಅವಳ ಮೇಲೆ ಅನುಮಾನ ಇಟ್ಕೊಂಡಿದ್ದೆ. ಅವಳಿಗೆ ಗೊತ್ತೂ ಇಲ್ಲ."

ಮಸುಎ ಮಾತ್ರ ಸಿಹಿಗೆಣಸಿನ ಕಡ್ಡಿ ಕಡಿಯುತ್ತ, "ಆ ಒಂದು ಬಾಟ್ಲಿ ವಿನೆಗರ್ ಇಲ್ಲದಿದ್ರೆ ನನಗೆ ಈ ಗಂಡ ಸಿಗ್ತಾನೇ ಇರಲಿಲ್ಲ ಅನ್ನಿ. ನಿಮಗೆ ಬೈಯಲೋ ಕೈ ಮುಗಿಯಲೋ ನನಗೇ ಗೊತ್ತಾಗ್ತಿಲ್ಲ," ಅಂದಳು. ಅವಳಂಥ ಹೆಂಗಸನ್ನು ನಾನು ಕಂಡಿಲ್ಲ. ನನಗೆ ಅಳು ಬಂತು, ಅವಳೇ ಅಂಗೈಯಲ್ಲಿ ನನ್ನ ಬೆನ್ನು ಬಡಿದಳು.

ಕೆಲಸ ಶುರುವಾಯಿತು. ಹಾರುನೊ ಹಳೆಯ ಗಾರೆ ಕೆತ್ತಿ, ಉಬ್ಬಿದ ಮಣ್ಣು ಇಳಿಸಿದಳು. ಆ ಮಣ್ಣನ್ನು ಎಸೆಯಲಿಲ್ಲ. ಹೊಸ ಮಣ್ಣಿಗಿಂತ ಇದೇ ಪಳಗಿದೆ ಎಂದು ನೀರು ಹಾಕಿ, ಹುಲ್ಲು ಬೆರೆಸಿ, ಮತ್ತೆ ಅದೇ ಬಿದಿರ ತಡಿಕೆಗೆ ಮೆತ್ತಿದಳು. ಒರಟು ಪದರ ಒಣಗಿತು, ನಡುಪದರವೂ ಮುಗಿದು ಒಣಗಿದೆ. ಇನ್ನು ಸುಣ್ಣದ ಮೇಲ್ಪದರ. ಅದನ್ನು ತಾನೇ ಹಾಕುತ್ತೇನೆಂದು ಇವಾವೊ ಹೇಳಿದ್ದ. ನಿನ್ನೆ ಬಂದ. ಕರಣೆಗಳನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ಹಾರುನೊ ಗಾರೆ ಕಲಸಿ ಮುಂದಿಟ್ಟಳು. ಅವನು ಗೋಡೆ ನೋಡಿದ, ನನ್ನ ನೋಡಿದ.

"ಮಿಸಾವೊಗೆ ಹೇಳಿದೀಯಾ?"

"ತಿಥಿಗೆ ಬರ್ತಾಳಲ್ಲ. ಎದುರಿಗೇ ಹೇಳೋಣ ಅಂತ..."

"ಎದುರಿಗೆ ಹೇಳೋಳಾಗಿದ್ರೆ ಯಾವತ್ತೋ ಹೇಳ್ತಿದ್ದೆ. ನಿನ್ನನ್ನ ನಾನು ಬಲ್ಲೆ. ತಟ್ಟೆ ಹಿಡ್ಕೊಂಡು ಓಡಾಡ್ತೀಯ, ಎಲ್ಲರ ಬಟ್ಟಲಿಗೂ ಚಹಾ ಬಗ್ಗಿಸ್ತೀಯ, ಅವಳು ಬಸ್ ಹತ್ತಿ ಹೋಗ್ತಾಳೆ. ಕಾಗದ ಬರಿ. ಫೋನೂ ಬೇಡ. ಅಂಚೆಗೆ ಹಾಕಿದ್ದನ್ನ ಮಸುಎ ಕಣ್ಣಲ್ಲಿ ನೋಡಬೇಕು. ಆಮೇಲೆ ಕರಣೆ ಹಿಡೀತೀನಿ. ಇಲ್ಲ ಅಂದ್ರೆ ಮಣ್ಣುಗೋಡೆ ಮುಂದೇನೇ ತಿಥಿ ಮಾಡ್ಕೊ."

ಕರಣೆಗಳನ್ನು ಒಂದೊಂದಾಗಿ ಸುತ್ತಿ ಇಟ್ಟುಕೊಂಡ. ಕಲಸಿದ ಗಾರೆಯ ಮೇಲೆ ಹಾರುನೊ ಒದ್ದೆ ಗೋಣಿ ಮುಚ್ಚಿದಳು. ನಾಳೆಗೆ ಕೆಡುವುದಿಲ್ಲವಂತೆ.

ಅದಕ್ಕೇ ಬರೆಯುತ್ತಿದ್ದೇನೆ. ನಾನಾಗಿ ಬರೆದವಳಲ್ಲ, ಹೆದರಿ ಬರೆದವಳು. ಅವನು ಹೇಳದೆ ಇದ್ದಿದ್ದರೆ ಈ ಕಾಗದವೂ ಹುಟ್ಟುತ್ತಿರಲಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಕ್ಷಮೆ ಕೇಳುವ ಮಾತನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದೆ, ಹಾಳೆಯಲ್ಲಿ ಗೀಟು ಕಾಣುತ್ತದೆ, ತಪ್ಪು ತಿಳಿಯಬೇಡ. ಕೇಳಿದರೆ ಕೊಡಬೇಕಾದ ಭಾರ ನಿನ್ನ ಮೇಲೆ ಬೀಳುತ್ತದೆ. ಕೇಳುವುದಿಲ್ಲ. ನೀನು ತಿಥಿಗೆ ಬಾರದಿದ್ದರೆ ಗುರುಗಳಿಗೆ, ನೆಂಟರಿಗೆ ಕಾರಣವನ್ನು ನಾನೇ ಹೇಳುತ್ತೇನೆ, ನಿನ್ನ ಮೈಗೆ ಹುಷಾರಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಬಂದರೆ, ನಿನ್ನ ಅಮ್ಮನ ಪಟದ ಪಕ್ಕದಲ್ಲಿ ಕೂರುವ ಜಾಗ ನಿನ್ನದು. ನಾನು ಹಿಂದೆ ಕೂರುತ್ತೇನೆ.

ಒಂದು ವಿಷಯ ಮಾತ್ರ. ನನಗೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಅವನಿಗೆ ಬರೆ. ಲಕೋಟೆಯಲ್ಲಿ ಅಂಚೆಚೀಟಿ ಹಚ್ಚಿದ ಒಂದು ಕಾರ್ಡು ಇಟ್ಟಿದ್ದೇನೆ, ವಿಳಾಸ ಮಸುಎಯ ಕೈಬರಹ. ನೀನು ಏನು ಬರೆದರೂ ಅವನಿಂದ ಗಟ್ಟಿಯಾಗಿ ಓದಿಸಿ ಕೇಳುವವಳು ಅವಳೇ. ಅನುಮಾನಪಟ್ಟದ್ದಕ್ಕೆ ಬೈಯಬೇಕೆನ್ನಿಸಿದರೆ ಚೆನ್ನಾಗಿ ಬೈ. ನಿನ್ನಿಂದ ಒಂದು ಸಾಲು ಬಂದರೆ ಸಾಕು ಅನ್ನುವಂತೆ ಆ ಮನುಷ್ಯ ಇವತ್ತು ಬೆಳಿಗ್ಗೆ ಎರಡು ಸಲ ನನ್ನ ಬಾಗಿಲ ಮುಂದೆ ಹಾದು ಹೋದ, ಒಳಗೆ ಬರಲಿಲ್ಲ.

ಮಸುಎ ಚಪ್ಪಲಿ ಕಳಚದೆ ಹೊಸ್ತಿಲಲ್ಲಿ ಕೂತಿದ್ದಾಳೆ. "ಮುಗೀತಾ? ಅಂಚೆ ಗಾಡಿ ಬರೋ ಹೊತ್ತಾಯ್ತು," ಅನ್ನುತ್ತಿದ್ದಾಳೆ. ಮುಗಿಯಿತು.

ನಿನ್ನ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ಚುರುಕಾಗಿರಲಿ. ಮಗಳು, ಮೊಮ್ಮಕ್ಕಳು ನಿನ್ನ ಸುತ್ತ ಸುಖವಾಗಿರಲಿ. ಹರಸುವ ಹಕ್ಕು ನನಗಿದೆಯೋ ಇಲ್ಲವೋ, ಹರಸುವುದನ್ನು ಬಿಡಲಾರೆ.

ಹಾಗೆ ಕರೆಯಲು ನಿನಗೆ ಇನ್ನೂ ಮನಸ್ಸಿದ್ದರೆ, ನಿನ್ನ ಅತ್ತಿಗೆ,
ತೊಮೊಎ